ದುಬಾರಿ ಕ್ರಿಮಿಗೆ ದುಬಾರಿ ಔಷಧಿ

ಕಾಯಿಲೆ ಬಿದ್ದವರನ್ನು ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ನೋಡುವ ಜನ ಇದ್ದಾರಲ್ಲ, ಈ ಮನೆಯ ಯಜಮಾನರು ಅವರ ಪೈಕಿ ಅಗ್ರಗಣ್ಯರು. ಭಾನುವಾರ ಮಗಳು ಎಳೆಗೂಸನ್ನು ಕರೆದುಕೊಂಡು ಬರುವವಳಿದ್ದಳು. ಮೊಮ್ಮಗಳನ್ನು ಎಲ್ಲರಿಗಿಂತ ಮೊದಲು ಎತ್ತಿಕೊಳ್ಳಬೇಕೆಂದು ಯಜಮಾನರು ತೋಳು ಸವರಿಕೊಂಡು ಕಾದಿದ್ದರು. ಅಷ್ಟರಲ್ಲಿ, ಅದೇ ಮಗುವನ್ನು ನೋಡಲು ಬಂದಿಳಿದಿದ್ದ ಯಜಮಾನರ ಅತ್ತೆಗೆ ವಾಂತಿಭೇದಿ ಹಿಡಿಯಿತು. (ಬೇಕಂತಲೇ ಹಿಡಿಸಿಕೊಂಡರು ಎಂಬುದು ಅಳಿಯನ ದೃಢವಾದ ನಂಬಿಕೆ.)

ಕ್ರಿಮಿಸಂಹಾರ ಮಹಾಸಮರ ಶುರುವಾಯಿತು. ಮುದುಕಿ ಹಿಂದಿನ ಕೋಣೆಯಲ್ಲಿ ಬಂದಿ. ಆಕೆಯ ನೀರಿನ ಲೋಟವನ್ನು ಅಳಿಯ ಹೊಸ್ತಿಲಾಚೆಯಿಂದ ನೆಲ ಒರೆಸುವ ಕೋಲಿನಲ್ಲಿ ತಳ್ಳುತ್ತಿದ್ದರು. ಅಂಗಡಿಯಿಂದ ಮೂರು ಅಸ್ತ್ರಗಳು ಬಂದವು: ನೆಲಕ್ಕೆ ಫಿನೈಲು, ಬಚ್ಚಲ ಗೋಡೆಯ ಬೂಸ್ಟಿಗೆ ಬ್ಲೀಚು, ಅತ್ತೆ ಮುಟ್ಟಿದ್ದಕ್ಕೆಲ್ಲ ಘಮಘಮಿಸುವ ಸ್ಪಿರಿಟ್ಟು.

"ರೀ, ಈ ವಾಂತಿಭೇದಿ ವೈರಸ್ಸು ಸ್ಪಿರಿಟ್ಟಿಗೆಲ್ಲ ಜಗ್ಗಲ್ಲ," ಎಂದಳು ಹೆಂಡತಿ. "ಮೊದಲು ತೊಳೆದು, ಆಮೇಲೆ ಬ್ಲೀಚ್ ನೀರು ಹಾಕಿ ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಕೈಗೆ ಸೋಪು ಹಾಕ್ಕೊಳ್ಳಿ."

"ಮೂರರಲ್ಲಿ ಸ್ಪಿರಿಟ್ಟಿಗೇ ರೇಟು ಜಾಸ್ತಿ ಕಣೇ! ನಿಮ್ಮಮ್ಮಂದೇನು ಸಾಮಾನ್ಯ ಕ್ರಿಮೀನಾ? ದುಬಾರಿ ಕ್ರಿಮಿಗೆ ದುಬಾರಿ ಔಷಧಿ!"

ಪುಸ್ ಎಂದು ಹೊಡೆದು, ಹೆಗಲ ಮೇಲಿನ ಬಟ್ಟೆಯಿಂದ ಒರೆಸಿದರು. ಅತ್ತೆಯ ಬಕೆಟ್ಟಾಯಿತು, ಬಾಗಿಲ ಹಿಡಿಯಾಯಿತು, ಊಟದ ಮೇಜಾಯಿತು. ಬಟ್ಟೆ ಅದೇ.

"ಅದನ್ನಾದ್ರೂ ಒಗೆಯೋಕೆ ಹಾಕಿ ಮಾರಾಯ್ರೇ."

"ಇದನ್ನಾ? ಮೂರು ಹೊತ್ತೂ ಔಷಧೀಲಿ ಮುಳುಗಿ ಏಳ್ತಿದೆ. ಇದರಷ್ಟು ಚೊಕ್ಕಟ ಈ ಮನೇಲಿ ನಾನೂ ಇಲ್ಲ!" ಎಂದು ಅದರಲ್ಲೇ ಮುಖದ ಬೆವರು ಒರೆಸಿಕೊಂಡರು, ಮೂತಿಸಹಿತ.

ಭಾನುವಾರದ ಹೊತ್ತಿಗೆ ಅತ್ತೆ ಪೂರಾ ಚೇತರಿಸಿಕೊಂಡು ವರಾಂಡದಲ್ಲಿ ಕಾಲು ಚಾಚಿ ಕೂತಿದ್ದರು. ಮಗಳ ಕಾರು ಬಾಗಿಲಿಗೆ ಬಂದಾಗ ಯಜಮಾನರು ಮಾತ್ರ ಬಚ್ಚಲಲ್ಲಿದ್ದರು. ಬೆಳಗಿನಿಂದ ಅಲ್ಲೇ.

"ಅಪ್ಪಾ, ಪಾಪು ಹತ್ರ ಬರಲೇಬೇಡಿ," ಮಗಳು ದೂರದಿಂದಲೇ ಕೂಗಿದಳು.

ಹಿಂದಿನ ಕೋಣೆಯಲ್ಲಿ ಮುದುಡಿ ಮಲಗಿದ್ದವರ ಕಡೆಗೆ ಉಪ್ಪು ಸಕ್ಕರೆ ಬೆರೆಸಿದ ನೀರಿನ ಲೋಟವೊಂದು ನೆಲದ ಮೇಲೆ ಸರಕ್ಕನೆ ಸರಿದು ಬಂತು. ಕೋಲು ಅದೇ. ಕೋಲಿನ ಆ ತುದಿಯಲ್ಲಿ ಹೆಂಡತಿ. ಅವಳ ಹಿಂದೆ, ಹೊಸ್ತಿಲಿಂದ ಮಾರು ದೂರದಲ್ಲಿ, ಮಗುವನ್ನು ಎದೆಗವಚಿಕೊಂಡ ಅತ್ತೆ.

"ನೋಡು ಪುಟ್ಟಿ, ಅವರೇ ನಿಮ್ಮ ತಾತ," ಎಂದರು ಮುದುಕಿ. "ಹೆದರ್ಕೋಬೇಡ ಕಂದಾ, ಕಚ್ಚಲ್ಲ. ಅಂಟ್ತಾರೆ, ಅಷ್ಟೇ."