ಒಂದು ಎಕ್ಸ್ ಕಡಿಮೆಯ ಅತ್ತೆ

ತನ್ನಲ್ಲಿ ಇಲ್ಲದ್ದನ್ನು ನನ್ನ ಸೋದರತ್ತೆಯಷ್ಟು ಹೆಮ್ಮೆಯಿಂದ ತೋರಿಸಿಕೊಂಡು ತಿರುಗುವ ಹೆಂಗಸು ಪುತ್ತೂರಿನಿಂದ ಗುಂಡ್ಯದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ! ಹೆಂಗಸರಿಗೆಲ್ಲ ಎರಡೆರಡು ಎಕ್ಸ್ ವರ್ಣತಂತು ಇರುತ್ತದಂತೆ; ಅತ್ತೆಗೆ ಒಂದೇ. ಅದು ಗೊತ್ತಾದದ್ದೇ ನಲವತ್ತೆರಡನೆಯ ವಯಸ್ಸಿನಲ್ಲಿ. ಯಾವುದೋ ಜ್ವರಕ್ಕೆಂದು ಹೋದವರ ಗಿಡ್ಡ ಎತ್ತರ ನೋಡಿ, ಎಂದೂ ಮುಟ್ಟಾಗಿಲ್ಲವೆಂದು ತಿಳಿದು, ಸುಳ್ಯದ ವೈದ್ಯರೊಬ್ಬರು ರಕ್ತ ಪರೀಕ್ಷೆ ಮಾಡಿಸಿದರು. ಟರ್ನರ್ ಸಿಂಡ್ರೋಮ್ ಎಂದು ವರದಿ ಬಂತು. ಬೇರೆಯವರಾದರೆ ಅದನ್ನು ಕಪಾಟಿನ ತಳಕ್ಕೆ ಸೇರಿಸುತ್ತಿದ್ದರು. ಅತ್ತೆ ಲ್ಯಾಮಿನೇಟ್ ಮಾಡಿಸಿದರು!

ಮದುವೆಯೂಟದಲ್ಲಿ ಯಾರಾದರೂ “ಮಕ್ಕಳೆಷ್ಟು?” ಎಂದರೆ ಸಾಕು, ಚೀಲದಿಂದ ವರ್ಣತಂತುಗಳ ಚಿತ್ರವಿದ್ದ ಆ ವರದಿ ಹೊರಗೆ. “ನೋಡಿ, ಎಲ್ಲ ಜೋಡಿ ಜೋಡಿ ಉಂಟು. ಕೊನೆಯದ್ದು ಒಂಟಿ. ಅದೇ ನಾನು!” ಕೇಳಿದವರು ಹೋಳಿಗೆ ಕೈಯಲ್ಲೇ ಹಿಡಿದು ತಬ್ಬಿಬ್ಬು. ಪಕ್ಕದಲ್ಲಿ ಕುಳಿತ ನನ್ನ ಪಾಡು ಯಾರಿಗೆ ಹೇಳಲಿ?

“ನಿಮಗೆ ಎರಡು ಎಕ್ಸ್ ಇದ್ದರೂ ಒಂದು ಹೇಗೂ ಕೆಲಸ ಮಾಡದೆ ಮಲಗಿಯೇ ಇರುದು. ಮತ್ತೆಂತ ಜಂಬ ನಿಮಗೆ?” ಎಂಬುದು ಅವರ ವಾದ. ಮಲಗಿದ್ದೂ ಪೂರ್ತಿ ಮಲಗುವುದಿಲ್ಲ, ಒಳಗೊಳಗೇ ಅಷ್ಟಿಷ್ಟು ಕೆಲಸ ಮಾಡುತ್ತಿರುತ್ತದೆ, ಅದಿಲ್ಲದ್ದಕ್ಕೇ ಎತ್ತರ ಬಾರದ್ದು ಎಂದು ವೈದ್ಯರು ತಿದ್ದಿದರಂತೆ. ನನಗದು ತಟ್ಟನೆ ಅರ್ಥವಾಯಿತು. ಮಧ್ಯಾಹ್ನ ಚಾಪೆಯಲ್ಲಿ ಮಲಗಿಕೊಂಡೇ ಕುಕ್ಕರಿನ ಸೀಟಿ ಎಣಿಸುವವಳಲ್ಲವೇ ನಾನು!

ಇರಲಿ. ಅತ್ತೆಗೆ ಕಾಣಿಯೂರಿನಲ್ಲಿ ಟೈಲರ್ ಅಂಗಡಿ. ಶಾಲೆ ಶುರುವಾಗುವಾಗ ಯೂನಿಫಾರ್ಮಿನ ರಾಶಿ. ಈ ವರ್ಷ ಅಳತೆ ಪುಸ್ತಕ ತಿರುವಿದವರೇ, “ಸ್ಕೂಟರ್ ತೆಗಿ” ಎಂದರು. ಒಬ್ಬ ಹುಡುಗಿಯ ಲಂಗದ ಉದ್ದ ಮೂರು ವರ್ಷದಿಂದ ಬೆರಳಗಲವೂ ಏರಿರಲಿಲ್ಲ.

ಹುಡುಗಿಯ ಮನೆಗೆ ಹೋದೆವು. “ಮಗಳಿಗೆ ಹದಿಮೂರಾಯ್ತಲ್ಲ? ಒಮ್ಮೆ ಪರೀಕ್ಷೆ ಮಾಡ್ಸಿ. ಮೂಳೆ ಬಲಿತ ಮೇಲೆ ಇಂಜೆಕ್ಷನ್ ಕೊಟ್ಟರೂ ಎತ್ತರ ಬರುದಿಲ್ಲ” ಎಂದರು ಅತ್ತೆ.

“ನಮ್ಮಲ್ಲಿ ಎಲ್ಲರೂ ಗಿಡ್ಡವೇ. ನಿಮಗೆ ಹೊಲಿಯುವ ಕೆಲಸ ಸಾಲದಾ ಮಾರಾಯ್ರೆ?” ಎಂದು ತಾಯಿ ಬಾಗಿಲು ಹಾಕಿಕೊಂಡರು.

ಎರಡನೆಯ ಸಲ ನಾಯಿ ಬಿಟ್ಟರು. ಹರಿದದ್ದು ನನ್ನ ಚೂಡಿದಾರ! “ಸಾಕು ಅತ್ತೆ, ನನ್ನಿಂದಾಗುದಿಲ್ಲ” ಎಂದರೂ ಕೇಳುವ ಜನವೇ? ಮೂರನೆಯ ಸಲ ಗೇಟಿನ ಹೊರಗೆ ಬಿಸಿಲಲ್ಲಿ ನಿಂತೇ ನಿಂತರು. ತಾಯಿ ಹೊರಗೆ ಬಂದಾಗ ವರದಿ ತೆಗೆಯಲಿಲ್ಲ. “ಒಮ್ಮೆ ನನ್ನನ್ನು ಸರಿಯಾಗಿ ನೋಡಿ” ಎಂದರು ಅಷ್ಟೆ. ಆ ತಾಯಿ ಅತ್ತೆಯ ಗಿಡ್ಡ, ಅಗಲ ಕುತ್ತಿಗೆಯನ್ನು ನೋಡಿದರು. ತಿರುಗಿ ಜಗಲಿಯಲ್ಲಿದ್ದ ಮಗಳ ಕುತ್ತಿಗೆಯನ್ನು ನೋಡಿದರು. ಮತ್ತೆ ಜಗಳವಾಡಲಿಲ್ಲ.

ಮೊನ್ನೆ ಅವರೇ ಅಂಗಡಿಗೆ ಬಂದರು. ಮಗಳದ್ದೂ ಅದೇ ಅಂತೆ. ಆದರೆ ಇನ್ನೂ ಸಮಯ ಉಂಟಂತೆ, ಇಂಜೆಕ್ಷನ್ ಶುರುವಾಗಿದೆಯಂತೆ. ಅವರು ಹೋದ ಮೇಲೆ, “ಗೆದ್ದಿರಲ್ಲ ಅತ್ತೆ, ಇನ್ನಾದರೂ ನನ್ನನ್ನು ಬಿಡಿ” ಎಂದೆ. ಅತ್ತೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅಳತೊಡಗಿದರು. ನನಗೆ ಗಾಬರಿ.

“ಎಂತಾಯ್ತು ಅತ್ತೆ?”

“ಅವಳಿಗೆ ಹದಿಮೂರಕ್ಕೇ ಗೊತ್ತಾಯ್ತಲ್ಲ ಮಾರಾಯ್ತಿ. ನಾನು ನಲವತ್ತೆರಡರವರೆಗೆ ದೇವರ ಎದುರು ನಿಂತು ತಪ್ಪಾಯ್ತು ತಪ್ಪಾಯ್ತು ಅಂತ ಹೇಳ್ತಾ ಇದ್ದೆ. ಎಂತ ತಪ್ಪು ಮಾಡಿದ್ದು ಅಂತ ಮಾತ್ರ ಗೊತ್ತಿರಲಿಲ್ಲ.”

ನಾನು ಅವರನ್ನು ಅಪ್ಪಿಕೊಂಡೆ. ನಮ್ಮ ಮನೆಯವರು ಯಾರಾದರೂ ಅತ್ತೆಯನ್ನು ಹಾಗೆ ಅಪ್ಪಿಕೊಂಡದ್ದು ನನಗೆ ನೆನಪಿಲ್ಲ.