ನಲವತ್ತಮೂರು ಬಾಗಿಲು ತಟ್ಟಿದವರಿಗೆ

ನಮ್ಮ ನಡುಕೋಣೆಯ ಕಿಟಕಿ ಪಕ್ಕದಲ್ಲಿ, ನನ್ನ ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ ವಿರಾಜಮಾನವಾಗಿರುವ ಕಂಪ್ಯೂಟರನ್ನು ಒಳಗಿನಿಂದ ಆಳುತ್ತಿರುವ ಆಪರೇಟಿಂಗ್ ಸಿಸ್ಟಮ್‌ನವರ ಸನ್ನಿಧಾನಕ್ಕೆ, ನಾಲ್ಕನೇ ತರಗತಿಯನ್ನು ಎರಡು ಸಲ ಓದಿದ ಅಜ್ಜಿಯೊಬ್ಬಳು ಕನ್ನಡಕ ಒರೆಸಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲದಿದ್ದರೆ ಇಷ್ಟು ಊರು ಸುತ್ತುವ ಚೈತನ್ಯ ಎಲ್ಲಿಂದ ಬರಬೇಕು? ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಮೊಮ್ಮಗಳು ನಿನ್ನೆ ತಮ್ಮ ಪರದೆಯ ಮೇಲೆ ಉದ್ದನೆಯ ಪಟ್ಟಿಯೊಂದನ್ನು ತೆರೆದು, ಯಾರೂ ಕೀಲಿ ಮುಟ್ಟದಿದ್ದಾಗಲೂ ತಾವು ಒಂದೇ ಗಂಟೆಯಲ್ಲಿ ನಲವತ್ತಮೂರು ಕಡೆ ಸಂಪರ್ಕ ಬೆಳೆಸಿದ್ದನ್ನು ತೋರಿಸಿದಳು. ನಾನು ಎದೆ ಹಿಡಿದುಕೊಂಡೆ. ಯಾಕೆಂದರೆ ತಮ್ಮ ಹೊಟ್ಟೆಯಲ್ಲಿ ನನ್ನದೊಂದು ಗುಟ್ಟಿದೆ.

ಆರು ವರ್ಷದ ಹಿಂದೆ ನನ್ನ ತಂಗಿ ನನ್ನ ಈ ಮೊಮ್ಮಗಳ ಕೂಸಿಗೆಂದು ಹೆಣೆದು ತಂದ ಉಣ್ಣೆಯಂಗಿಯನ್ನು ನಾನು ಎತ್ತಿ ಹಿಡಿದು, ಹತ್ತು ಜನರ ಮುಂದೆ, "ಅಳತೆ ಕೂಸಿಂದೋ, ಎಮ್ಮೆ ಕರುವಿಂದೋ?" ಎಂದುಬಿಟ್ಟೆ. ಹತ್ತು ಜನ ನಕ್ಕರು. ಹನ್ನೊಂದನೆಯವಳು ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಇರುವುದು ಮೂರು ಬೀದಿ ಆಚೆ, ಮಾತಿಲ್ಲ ಕತೆಯಿಲ್ಲ. ನನ್ನ ಕೈಯಕ್ಷರ ಕೋಳಿ ಕೆದಕಿದಂತಿದೆಯೆಂದು ನೆಪ ಹೇಳಿ ಟೈಪು ಕಲಿತು, ಮೂರು ತಿಂಗಳಿಂದ ತಮ್ಮ ಮುಂದೆ ಕೂತು ಅವಳಿಗೆಂದು ಶುರುಮಾಡಿದ ಕಾಗದದಲ್ಲಿ ಈವರೆಗೆ ಬರೆದಿರುವುದು "ತಂಗೀ" ಎಂಬ ಒಂದೇ ಮಾತು. ತಮ್ಮನ್ನು ಬೈಯಲು ಮಾತ್ರ ಬೆರಳು ಎಷ್ಟು ಸರಾಗವಾಗಿ ಓಡುತ್ತಿದೆ ನೋಡಿ! ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆಯಲ್ಲಿ ಮೊದಲರ್ಧ ನಾನು, ಉಳಿದರ್ಧ ತಾವು.

ಅಷ್ಟು ಕಡೆ ಹೋಗಿ ಇವರು ಏನು ಚಾಡಿ ಹೇಳುತ್ತಾರೆಂದು ಕೇಳಿದೆ. ಮೊಮ್ಮಗಳು ಕತ್ತು ಕೆರೆದುಕೊಂಡು, "ಎಲ್ಲಾದಕ್ಕೂ ಕಾರಣ ನಂಗೂ ಗೊತ್ತಿಲ್ಲ ಅಜ್ಜಿ. ಕೆಲವು ಕಡೆ ಟೈಮ್ ಎಷ್ಟು ಅಂತ ಕೇಳುತ್ತೆ, ಕೆಲವು ಕಡೆ ಹೊಸದೇನಾದ್ರೂ ಇದೆಯಾ ಅಂತ, ಇನ್ನು ಕೆಲವು ಕಡೆ ಬರೀ 'ಇದ್ದೀಯಾ?' ಅಂತ" ಎಂದವಳು, "ನೀನು ಪಕ್ಕದ್ಮನೆ ಬಾಗ್ಲಲ್ಲಿ ನಿಂತು ಮಾಡೋದೂ ಅದೇ ತಾನೆ?" ಎಂದು ಒಗ್ಗರಣೆ ಹಾಕಿದಳು. ನಾಲಿಗೆ ನಮ್ಮ ವಂಶದಲ್ಲೇ ಹರಿಯುತ್ತದೆ.

ಅವಳು ಅತ್ತ ಹೋದ ಮೇಲೆ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ಹುಡುಕಿದೆ. ನನ್ನ ದೂರು ಇರುವುದು ಇಲ್ಲಿಯೇ. ಯಾರೂ ಕೇಳದೆ ನಲವತ್ತಮೂರು ಬಾಗಿಲು ತಟ್ಟಿದ ತಾವು, ಮೂರು ಬೀದಿ ಆಚೆಯ ಒಂದು ಬಾಗಿಲನ್ನು ಹೇಗೆ ಬಿಟ್ಟಿರಿ? ಗುಟ್ಟು ಸೋರಿತೆಂದು ಹೆದರಿದವಳು ನಾನೇ, ಸೋರಲಿಲ್ಲವೆಂದು ಮುಖ ಸಪ್ಪಗೆ ಮಾಡಿಕೊಂಡವಳೂ ನಾನೇ. ಆದ್ದರಿಂದ ತಾವು ಕೃಪೆಮಾಡಿ ಆ ಕಾಗದವನ್ನು ನನಗೆ ತಿಳಿಯದಂತೆ ಕದ್ದು ಅವಳಿಗೆ ಮುಟ್ಟಿಸಬೇಕು. ಉಳಿದ ಸಾಲುಗಳನ್ನು ತಾವೇ ತುಂಬಿಕೊಂಡು, ಕ್ಷಮೆಯ ಮಾತು ಬಂದಲ್ಲಿ ಅಕ್ಷರವನ್ನು ಸ್ವಲ್ಪ ಸಣ್ಣದು ಮಾಡಬೇಕು. ಅವಳು ಉಗಿದರೆ ತಪ್ಪು ತಮ್ಮದೇ ಎಂದು ಒಪ್ಪಿಕೊಳ್ಳಬೇಕು. ಗುರುತಿಲ್ಲದವರನ್ನೆಲ್ಲ "ಇದ್ದೀಯಾ?" ಎಂದು ಕೇಳಲು ನಾಚದ ತಮಗೆ ಇದೇನು ಮಹಾ?

ಯಂತ್ರಕ್ಕಿರುವಷ್ಟು ಧೈರ್ಯವೂ ಇಲ್ಲದ
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಕುರ್ಚಿಯವಳು

ಬಾಲಂಗೋಚಿ: ಇದನ್ನು ಬರೆದು ಒಂದು ದಿನ ಕಾದರೂ ತಾವು ಕದಲದ ಕಾರಣ, ತಮ್ಮ ವಿದ್ಯೆಯನ್ನೇ ಕದ್ದು, ನಾನೇ ಫೋನು ಮಾಡಿ "ಟೈಮ್ ಎಷ್ಟೇ?" ಎಂದೆ. ಅತ್ತ ಕಡೆಯಿಂದ ತಂಗಿ, "ಯಾಕಕ್ಕಾ, ನಿಮ್ಮನೆ ಗಡಿಯಾರ ಸತ್ತಿದೆಯಾ?" ಎಂದಳು. ಮುಂದೆ ಒಂದು ಗಂಟೆ ಏನು ಮಾತಾಡಿದೆವೆಂಬುದು ತಮಗೆ ಬೇಡ. ತಮ್ಮ ತಂತಿಯನ್ನು ಮೊದಲೇ ಕಿತ್ತಿಟ್ಟಿದ್ದೆ.