ಕುಸುಬಿ ಎಣ್ಣೆಯ ಗಡ್ಡದ ಸಾಬೂನು

ಗಂಡಸೊಬ್ಬ ಅಡುಗೆಮನೆಗೆ ಹೋಗಿ, ಒಲೆ ಹಚ್ಚಿ ಏನನ್ನೋ ಕಾಸತೊಡಗಿದರೆ, ಅವನ ಹೆಂಡತಿ ‘ಏನದು’ ಎಂದು ಕೇಳದೆ ಇರಲಾರಳು. ಹೀಗೆ ಕೇಳದ ಹೆಂಡತಿ ಲೋಕದಲ್ಲಿ ಇಲ್ಲ. ಈ ಗಟ್ಟಿ ನಂಬಿಕೆಯ ಮೇಲೆ ನಾನು ಗಡ್ಡದ ಸಾಬೂನು ಮಾಡಲು ಹೊರಟೆ.

ಸಾಬೂನು ಬೇಕಾಗಿರಲಿಲ್ಲವೆಂದಲ್ಲ. ಕಡ್ಡಿಯಂತೆ ಗಟ್ಟಿಯಾಗಿದ್ದು, ನೇರವಾಗಿ ಕೆನ್ನೆಗೆ ಉಜ್ಜಿಕೊಳ್ಳುವ ಆ ಹಳೆಯ ಸಾಬೂನು ನರಗುಂದದ ಅಂಗಡಿಗಳಲ್ಲಿ ಈಗ ನನಗೆ ಸಿಗುತ್ತಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ಆ ಪ್ರಶ್ನೆ. ನನ್ನ ಹೆಂಡತಿ ಸಾವಿತ್ರಿ ನನ್ನೊಂದಿಗೆ ಮಾತು ಬಿಟ್ಟು ಬಹಳ ದಿನಗಳಾಗಿದ್ದವು.

ಕಾರಣವನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ನಾನು ಕಾಳಿನ ದಲಾಲಿ ಅಂಗಡಿಯಲ್ಲಿ ತೂಕ ಮಾಡುವವನು. ಕಾಟಾದ ಮುಳ್ಳು ಎಲ್ಲಿ ನಿಂತಿತೋ ಅದನ್ನೇ ಕೂಗಿ ಹೇಳುವುದು ನನ್ನ ಕೆಲಸ. ಶಿರೋಳದಲ್ಲಿ ಅವಳ ತಮ್ಮ ಈರಣ್ಣ ಹೊಸ ಮನೆ ಕಟ್ಟಿಸಿ ನಮ್ಮನ್ನು ಊಟಕ್ಕೆ ಕರೆದಿದ್ದ. ತುಂಬಿದ ಪಂಕ್ತಿಯಲ್ಲಿ ನನ್ನ ಮುಂದೆ ನಿಂತು, “ಮಾಮಾರ, ಮನಿ ಹ್ಯಾಂಗಾಗೇತ್ರಿ?” ಎಂದು ಕೇಳಿದ.

“ಚಲೋ ಆಗೇತಪಾ. ತಲಬಾಗಲ ಅಷ್ಟ ಎಡಕ್ಕ ವಾಲೇತಿ,” ಎಂದೆ.

ವಾಲಿದ್ದು ನಿಜ. ಪಂಕ್ತಿಯಲ್ಲಿದ್ದವರೆಲ್ಲ ಕತ್ತು ವಾಲಿಸಿ ನೋಡಿ ಖಾತ್ರಿ ಮಾಡಿಕೊಂಡರು. ಸಾವಿತ್ರಿ ಮಾತ್ರ ನೋಡಲಿಲ್ಲ. ಮರಳುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಅಂದಿನಿಂದ ಮಾತಿಲ್ಲ.

ಮಾತು ಬಿಟ್ಟಳು ಎಂದರೆ ಮನೆ ನಿಶ್ಶಬ್ದವಾಯಿತೆಂದು ತಿಳಿಯಬಾರದು. “ಉಣ್ಣಾವರು ಉಣಬಹುದು,” ಎಂದು ರೊಟ್ಟಿಯ ಹಂಚಿಗೆ ಹೇಳುತ್ತಿದ್ದಳು. ಮುಖ್ಯವಾದ ವ್ಯವಹಾರವೆಲ್ಲ ಪಕ್ಕದ ಮನೆಯ ಖತೀಜಾಬಿಯ ಮೂಲಕ ನಡೆಯುತ್ತಿತ್ತು. ಬಟ್ಟೆ ಹೊಲಿಯುವ ಹೆಣ್ಣುಮಗಳು. ಸಂಜೆಯಾದರೆ ನಮ್ಮ ಕಟ್ಟೆಯ ಮೇಲೆ ಬಂದು ಗುಂಡಿಗೆ ಕಾಜಾ ಹಾಕುತ್ತ ಕೂಡುತ್ತಾಳೆ.

“ಖತೀಜಾ, ಅಕ್ಕಿ ತೀರೇತಿ ಅಂತ ಹೇಳವಾ ಅವರಿಗೆ.”

“ಅಣ್ಣಾರ, ಅಕ್ಕಿ ತೀರೇತಂತ್ರಿ.”

“ನಾಳೆ ತರತೀನಿ ಅಂತ ಹೇಳವಾ.”

“ಅಕ್ಕಾರ, ನಾಳೆ ತರತಾರಂತ್ರಿ.”

ಮೂವರೂ ಒಂದೇ ಕಟ್ಟೆಯ ಮೇಲೆ ಕೂತಿರುತ್ತಿದ್ದೆವು.

ಖತೀಜಾಬಿ ಎದ್ದು ಹೋದ ಮೇಲೆ ಅಷ್ಟೂ ಇರುತ್ತಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ದಿನವಿಡೀ ಪೇಟೆಯಲ್ಲಿ ಕೂಗಿ ಬಂದ ಗಂಟಲಿಗೆ ಮನೆಯಲ್ಲಿ ಕೆಲಸವಿಲ್ಲ. ಯಾರಾದರೂ ಕೇಳಿದರೆ ಹೇಳೋಣವೆಂದು ಸಣ್ಣಪುಟ್ಟ ಸುದ್ದಿಗಳನ್ನು ಕೂಡಿಸಿಟ್ಟುಕೊಂಡು ಮಲಗುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಅವು ಹಳೆಯವಾಗಿರುತ್ತಿದ್ದವು.

ಆದ್ದರಿಂದ ಸಾಬೂನು.

ವಿಧಾನವನ್ನು ಫೋನಿನಲ್ಲಿ ನೋಡಿ ಕಲಿತೆ. ಅದರಲ್ಲಿ ಹೇಳಿಕೊಡುವವರು ಕೊಬ್ಬರಿ ಎಣ್ಣೆ ಎಂದರು. ಪಾಪ, ಅವರಿಗೆ ನಮ್ಮ ಸೀಮೆ ಗೊತ್ತಿಲ್ಲ ಎಂದುಕೊಂಡೆ. ರೊಟ್ಟಿ ಚಟ್ನಿಗೆ, ಒಗ್ಗರಣೆಗೆ, ನೋಯುವ ಮೊಣಕಾಲಿಗೆ ಕುಸುಬಿ ಎಣ್ಣೆ ಆಗುತ್ತದೆಂದ ಮೇಲೆ ಗಡ್ಡಕ್ಕೆ ಯಾಕೆ ಆಗಬಾರದು? ಸಾವಿತ್ರಿ ಗಾಣದಲ್ಲಿ ಹಾಕಿಸಿ ತಂದಿದ್ದ ಎಣ್ಣೆಯ ಡಬ್ಬಿ ಕೈಗೆಟುಕುವಂತೆಯೇ ಇತ್ತು.

ಮೊದಲು ಜರ್ಮನ್ ಬೋಗೋಣಿಯಲ್ಲಿ, ಅಂದರೆ ಅಲ್ಯೂಮಿನಿಯಂ ಪಾತ್ರೆಯಲ್ಲಿ, ನೀರು ಹಾಕಿ, ಅದರೊಳಗೆ ಕಾಸ್ಟಿಕ್ ಸೋಡಾ ಸುರಿದೆ. ಸೋಡಾ ಜರ್ಮನ್ ಪಾತ್ರೆಯನ್ನು ತಿನ್ನುತ್ತದೆ ಎಂಬ ಮಾತು ಆ ವೀಡಿಯೊದಲ್ಲಿ ಮುಂದೆ ಬರುತ್ತಿತ್ತಂತೆ. ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬೋಗೋಣಿ ಬುಸುಗುಟ್ಟಿತು. ಮನೆಯೊಳಗೆ ಅಷ್ಟು ದಿನಗಳಲ್ಲಿ ನನ್ನ ಕಡೆಗೆ ತಿರುಗಿ ಮಾತಾಡಿದ್ದು ಅದೊಂದೇ. ಆಮೇಲೆ ಹೊಗೆ ಬಂತು, ಪಾತ್ರೆ ಕಪ್ಪಾಯಿತು, ನಾನು ಅದನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲಿಗೆ ಓಡಿದೆ.

ಸಾವಿತ್ರಿ ಬಾಗಿಲಿಗೆ ಬಂದು ನಿಂತಳು. ಬೋಗೋಣಿಯನ್ನು ನೋಡಿದಳು. ನನ್ನನ್ನು ನೋಡಿದಳು. ಬಾಯಿ ತೆರೆದಳು. ನಾನು ಉಸಿರು ಹಿಡಿದು ಕಾದೆ.

“ಖತೀಜಾ,” ಎಂದು ಗೋಡೆಯಾಚೆಗೆ ಕೂಗಿದಳು, “ನನ್ನ ಬೋಗೋಣಿ ಸುಟ್ಟವರು ಹೊಸಾದು ತಂದುಕೊಡಬೇಕಂತ ಹೇಳು.”

ಗೋಡೆಯ ಮೇಲೆ ಖತೀಜಾಬಿಯ ಮುಖ ಮೂಡಿತು. “ಅಣ್ಣಾರ, ಏನದು ಮಾಡಾಕತ್ತಿದ್ದು?”

ನಾನು ಕಾದಿದ್ದ ಪ್ರಶ್ನೆ ಅದೇ. ಬಂದದ್ದು ಬೇರೆ ಬಾಯಿಂದ.

ಹಿಡಿದ ಕೆಲಸ ಬಿಡಬಾರದೆಂದು ಸ್ಟೀಲ್ ಪಾತ್ರೆಯಲ್ಲಿ ಮತ್ತೆ ಶುರು ಮಾಡಿದೆ. ಎಣ್ಣೆ ಬೆರೆಸಿ, ಕೈ ಸೋಲುವವರೆಗೆ ತಿರುವಿದೆ. ಖತೀಜಾಬಿಯ ಮಕ್ಕಳು ಶಾಲೆಯಲ್ಲಿ ಕಾಗದ ಅಂಟಿಸಿ ಮುಗಿಸಿದ ಅಂಟಿನ ಕೊಳವೆಗಳನ್ನು ಕೇಳಿ ತಂದು ತೊಳೆದಿಟ್ಟಿದ್ದೆ. ಬುಡ ತಿರುವಿದರೆ ಒಳಗಿನದು ಮೇಲೇಳುವ ಕೊಳವೆಗಳು. ಅವುಗಳಲ್ಲಿ ಸಾಬೂನು ತುಂಬಿ, ವೀಡಿಯೊದಲ್ಲಿ ಹೇಳಿದಷ್ಟು ವಾರ ನೆರಳಿನಲ್ಲಿಟ್ಟೆ. ತೀರಿದ ಮೇಲೆ ಮತ್ತೆ ತುಂಬಬಹುದು, ಕಸವಿಲ್ಲ, ಖರ್ಚಿಲ್ಲ. ಮಾರುವ ವಿಚಾರವೂ ಒಮ್ಮೆ ಬಂದು ಹೋಯಿತು.

ದಿನ ತುಂಬಿದ ಮೇಲೆ ಒಂದರ ಬುಡ ತಿರುವಿದೆ. ಸಾಬೂನು ಮೇಲೆದ್ದಿತು. ಹಿರಿಯರನ್ನು ಕಂಡವರಂತೆ ನಿಧಾನವಾಗಿ ಬಾಗಿತು. ಹಾಗೆಯೇ ಬಚ್ಚಲಿಗೆ ಬಿತ್ತು. ಬರೀ ಕುಸುಬಿ ಎಣ್ಣೆಯ ಸಾಬೂನು ಗಟ್ಟಿಯಾಗುವುದಿಲ್ಲ, ಬೆಣ್ಣೆಯಂತೆ ಉಳಿಯುತ್ತದೆ ಎಂಬುದನ್ನು ನಾನು ಹೀಗೆ ತಿಳಿದುಕೊಂಡೆ.

ಬೆಣ್ಣೆಯಂಥದ್ದಕ್ಕೆ ಕೊಳವೆ ಯಾಕೆ, ಡಬ್ಬಿ ಬೇಕು. ಮನೆಯಲ್ಲಿ ಖಾಲಿ ಸುಣ್ಣದ ಡಬ್ಬಿಗಳಿದ್ದವು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವು, ಮುಚ್ಚಳ ಗಟ್ಟಿ. ಎಲ್ಲ ಸಾಬೂನನ್ನೂ ಅವುಗಳಿಗೆ ಬಳಿದು, ಕನ್ನಡಿಯ ಪಕ್ಕ ಗೋಡೆಯಲ್ಲಿದ್ದ ಮಾಡಿನಲ್ಲಿ ಜೋಡಿಸಿದೆ. ಬೆಳ್ಳಗೆ, ನುಣ್ಣಗೆ, ನೋಡಲು ಚೆನ್ನಾಗಿತ್ತು. ಗಡ್ಡಕ್ಕೆ ಹಚ್ಚಿದರೆ ಮಾತ್ರ ನೊರೆ ಬರಲಿಲ್ಲ. ನಮ್ಮ ಬೋರಿನ ಸವಳು ನೀರಿಗೆ ಅದು ಮೊಸರಿನಂತೆ ಒಡೆಯಿತು. ಹಾಗೆಯೇ ಕೆರೆದುಕೊಂಡೆ. ಕೆನ್ನೆ ಕೆಂಪಾಯಿತು. ಏನಾಯಿತೆಂದು ಸಾವಿತ್ರಿ ಕೇಳಲಿಲ್ಲ.

ಅಷ್ಟರಲ್ಲಿ ಈರಣ್ಣ ಬಂದ. ಅಕ್ಕ ಮಾತು ಬಿಟ್ಟ ಸುದ್ದಿ ಶಿರೋಳ ಮುಟ್ಟಿ, ತಾನಾಗಿಯೇ ರಾಜಿ ಮಾಡಿಸಲು ಬಂದಿದ್ದ. ಇಂಥ ದೊಡ್ಡ ಮನಸ್ಸಿನ ಮನುಷ್ಯನ ಬಾಗಿಲಿಗೆ ನಾನು ಕುಂದು ಹೇಳಿದ್ದೆ.

“ಯಕ್ಕಾ, ಬಾಗಲಾ ವಾಲಿದ್ದು ಖರೇನ ಐತಿ. ಗೌಂಡೀನ್ನ ಕರಸಿ ಸರಿ ಮಾಡಸೇನಿ. ಮಾಮಾರು ಅಂದಿದ್ದಕ್ಕ ಚಲೋ ಆತು. ಇನ್ನ ಸಾಕ್ ಮಾಡು,” ಎಂದ.

ಊಟಕ್ಕೆ ಕೂತಾಗ ಸಾವಿತ್ರಿ, ಹಂಚಿಗೆ ಏನೂ ಹೇಳದೆ, ನನ್ನ ತಾಟಿಗೆ ತಾನೇ ರೊಟ್ಟಿ ಹಾಕಿದಳು. ಕೇಳದೆಯೇ ಎರಡನೇ ಸಲ ಪಲ್ಯ ಬಡಿಸಿದಳು. ನಾನು ತಲೆ ತಗ್ಗಿಸಿ ಉಂಡೆ. ಇವತ್ತು ಸಂಜೆಯೊಳಗೆ ಮಾತು ಬರುತ್ತದೆ ಅನ್ನಿಸಿತು.

ಊಟವಾಯಿತು. ಸಾವಿತ್ರಿ ಎಲೆ ಅಡಿಕೆಯ ತಟ್ಟೆ ತಂದು ತಮ್ಮನ ಮುಂದೆ ಇಟ್ಟಳು. ಅವಳ ಸುಣ್ಣ ಒಣಗಿರಬೇಕು. ತಟ್ಟೆಯಲ್ಲಿದ್ದದ್ದು ಮಾಡಿನಲ್ಲಿದ್ದ ಡಬ್ಬಿ. ಬೇರೆ ದಿನಗಳಾಗಿದ್ದರೆ ‘ಈ ಡಬ್ಬ್ಯಾಗ ಏನೈತ್ರಿ’ ಎಂದು ನನ್ನನ್ನು ಕೇಳಿರುತ್ತಿದ್ದಳು.

ನಾನು ಡಬ್ಬಿಯನ್ನು ನೋಡಿದೆ. ಈರಣ್ಣ ಬೆರಳಲ್ಲಿ ತೆಗೆದು ಎಲೆಗೆ ಧಾರಾಳವಾಗಿ ಹಚ್ಚುವುದನ್ನೂ ನೋಡಿದೆ. ‘ಬೇಡ’ ಎಂದು ಅವನಿಗೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ರೂಢಿ ಎಂಬುದು ಕೆಟ್ಟದ್ದು. ಖತೀಜಾಬಿ ಹೊಲಿದ ಕುಪ್ಪಸ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದಳು. ನನ್ನ ಬಾಯಿ ತಾನಾಗಿ ಅವಳ ಕಡೆ ತಿರುಗಿತು.

“ಖತೀಜಾ, ಆ ಡಬ್ಬ್ಯಾಗ ಸುಣ್ಣ ಇಲ್ಲ ಅಂತ ಹೇಳವಾ ಅವರಿಗೆ.”

“ಸುಣ್ಣ ಇಲ್ಲಾ? ಮತ್ತೇನೈತ್ರಿ ಅಣ್ಣಾರ?”

“ಮೊದಲ ಹೇಳು.”

“ಅಕ್ಕಾರ, ಸುಣ್ಣ ಇಲ್ಲಂತ್ರಿ.”

“ಐತಿ ಅಂತ ಹೇಳು. ಕಣ್ಣಿಗೆ ಕಾಣತೈತಿ, ಬೆಳ್ಳಗ.”

“ಅಣ್ಣಾರ, ಐತಂತ್ರಿ.”

ಈರಣ್ಣ ಎಲೆಯನ್ನು ಮಡಚಿ ಬಾಯಿಗಿಟ್ಟು ಜಗಿದ. ಮತ್ತೆ ಜಗಿದ. ಅವನ ಮುಖದಲ್ಲಿ ಒಂದು ವಿಚಾರ ಮೂಡಿತು. ಎದ್ದು ಅಂಗಳಕ್ಕೆ ಓಡಿದ. ಸಾವಿತ್ರಿ ಗಾಬರಿಯಿಂದ ಕುಡಿಯುವ ನೀರಿನ ಕ್ಯಾನನ್ನೇ ಎತ್ತಿಕೊಂಡು ಹೋಗಿ ನೀರು ಕೊಟ್ಟಳು. ಅದು ಬೋರಿನ ಸವಳು ನೀರಲ್ಲ, ಘಟಕದಿಂದ ತರುವ ಶುದ್ಧ ಮೆದು ನೀರು. ಅವನು ಮುಕ್ಕಳಿಸಿದಷ್ಟೂ ನೊರೆ ಎದ್ದಿತು. ಮೀಸೆ ಮುಚ್ಚಿತು, ಗದ್ದಕ್ಕೆ ಇಳಿಯಿತು. “ಯಕ್ಕಾ” ಎಂದ, ಒಂದು ಗುಳ್ಳೆ ಬಂತು.

ಸಾವಿತ್ರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜಗಳು ಅಲುಗುತ್ತಿದ್ದವು. ಅಳುವಲ್ಲ, ನಗು. ನಗುತ್ತಲೇ ಅವಳ ಕಣ್ಣು ನನ್ನನ್ನು ಹುಡುಕಿ ಬಂದು ನನ್ನ ಮೇಲೆ ನಿಂತಿತು. ಇನ್ನೇನು ಅವಳು ಏನಾದರೂ ಅನ್ನಬೇಕು. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು.

“ನೊರಿ ಮಾತ್ರ ಭಾಳ ಚಲೋ ಬಂದೈತಿ,” ಎಂದೆ.

ಬಂದಿದ್ದು ನಿಜ. ಭುಜಗಳು ನಿಂತವು.

“ನೀವು ಒಂದ್ ಸ್ವಲ್ಪ ಸುಮ್ಕ ಇರ್ರಿ,” ಎಂದಳು ಸಾವಿತ್ರಿ.

ಹಂಚಿಗಲ್ಲ, ಗೋಡೆಗಲ್ಲ, ನನಗೇ. ನಾನು ಇಷ್ಟು ದಿನ ಕಾದ ಮಾತು ಅದು. ಖತೀಜಾಬಿ ರೂಢಿಯಂತೆ, “ಅಣ್ಣಾರ, ಸುಮ್ಕ ಇರಬೇಕಂತ್ರಿ,” ಎಂದು ಮುಟ್ಟಿಸಿದಳು.

ಮಜ್ಜಿಗೆ ಕುಡಿದ ಮೇಲೆ ಈರಣ್ಣನ ನಾಲಿಗೆ ತಹಬಂದಿಗೆ ಬಂತು. ಆದರೂ ಸಾವಿತ್ರಿ ಚೀಲ ಹಿಡಿದು ಅವನ ಜೊತೆ ಶಿರೋಳಕ್ಕೆ ಹೋದಳು. ಯಾವಾಗ ಬರುತ್ತಾಳೆಂದು ಖತೀಜಾಬಿಗೂ ಹೇಳಲಿಲ್ಲ.

ಸಂಜೆ ಫೋನು ಬಂತು. “ಹಾಲು ಕಾಸಿಟ್ರೇನ?” ಎಂದಳು.

ಸುಮ್ಮನಿರಬೇಕೆಂದು ಹೇಳಿದ್ದಳು, ಎಲ್ಲಿಯವರೆಗೆ ಎಂದು ಹೇಳಿರಲಿಲ್ಲ. ನಾನು ತಲೆಯಾಡಿಸಿದೆ. ಫೋನಿನಲ್ಲಿ ಅದು ಕಾಣುವುದಿಲ್ಲವೆಂದು ಹೊಳೆಯುವಷ್ಟರಲ್ಲಿ ಅವಳು ‘ಹಲೋ, ಹಲೋ’ ಎಂದು ಇಟ್ಟುಬಿಟ್ಟಳು.

ತುಸು ಹೊತ್ತಿಗೆ ಖತೀಜಾಬಿ ತನ್ನ ಫೋನು ಹಿಡಿದು ಬಂದಳು. “ಅಣ್ಣಾರ, ನೀವೂ ಮಾತು ಬಿಟ್ರೇನಂತ ಕೇಳಾಕತ್ತಾರ್ರಿ ಅಕ್ಕಾರ.”

“ಬಿಟ್ಟಿಲ್ಲ ಅಂತ ಹೇಳವಾ ಅವರಿಗೆ.”

“ನನ್ನ ಕೈಲೆ ಇನ್ನ ಆಗೂದಿಲ್ರಿ. ಮಷಿನ್ ಮ್ಯಾಲ ಬಟ್ಟಿ ಬಿಟ್ ಬಂದೇನಿ. ತಗೋರಿ, ನೀವ ಹೇಳ್ರಿ.”

ಕಿವಿಗೆ ಹಿಡಿದೆ. ಸದ್ದಿಲ್ಲ. ಸಾವಿತ್ರಿ ಆಗಲೇ ಇಟ್ಟುಬಿಟ್ಟಿದ್ದಳು. ಖತೀಜಾಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಮುಂದೆ ಮಾನ ಹೋಗಬಾರದೆಂದು ನಾನು ಮಾತಾಡಿದೆ.

“ಸಾವಿತ್ರಿ, ಹಾಲು ಕಾಸೀನಿ. ಅರ್ಧ ಉಕ್ಕಿ ಹೋಗೇತಿ. ಸಾಬಾನ ನಾ ಗಡ್ಡಕ್ಕಂತ ಮಾಡಿದ್ದಲ್ಲ. ನೀ ಏನದು ಅಂತ ಕೇಳಲಿ ಅಂತ ಮಾಡಿದ್ದು. ಮನ್ಯಾಗ ನನ್ನ ಯಾರೂ ಏನೂ ಕೇಳುವಲ್ರು. ನೀ ಬಾ. ಬಯ್ಯಾಕರ ಬಾ.”

ಇನ್ನೂ ಸ್ವಲ್ಪ ಹೊತ್ತು, ಆಚೆಯಿಂದ ಉತ್ತರ ಬರುತ್ತಿರುವಂತೆ ‘ಹೂಂ, ಹೂಂ’ ಎಂದು, ಫೋನನ್ನು ಮರಳಿ ಕೊಟ್ಟೆ.

ಖತೀಜಾಬಿ ಅದನ್ನು ಸೆರಗಿನಿಂದ ಒರೆಸಿಕೊಂಡಳು.

“ಭಾಳ ಚಲೋ ಹೇಳಿದ್ರಿ ಅಣ್ಣಾರ,” ಎಂದಳು. “ಈಗ ಫೋನ್ ಹಚ್ಚಿ ಕೊಡತೀನಿ, ಅಕ್ಕಾರಿಗೂ ಒಮ್ಮಿ ಹೇಳ್ರಿ.”